ಮುದ್ದೆಯನ್ನು ತೂಕಕ್ಕೆ ಹಾಕಿದ ಮೇಲೆ: ಹೊಸದಾಗಿ ಶುಗರ್ ಬಂದವರೊಬ್ಬರ ಪ್ರಕರಣ

ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ 46 ವರ್ಷದವರೊಬ್ಬರ ಪ್ರಕರಣ ಇದು. ಬರೆಯಲು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ. ಹಾಗಾಗಿ ಇಲ್ಲಿ ಅವರು ಬರೀ 'ಮಾಲೀಕರು'. ಗುರುತು ಸಿಗದ ಹಾಗೆ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಔಷಧಿಯ ತೀರ್ಮಾನವೆಲ್ಲ ಅವರ ಡಾಕ್ಟರದ್ದು. ನಾನು ನೋಡಿಕೊಂಡಿದ್ದು ಊಟದ ಲೆಕ್ಕ.

ಶುಗರ್ ಇರುವುದು ಗೊತ್ತಾಗಿದ್ದು ಇನ್ಶೂರೆನ್ಸ್‌ಗಾಗಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ. ಖಾಲಿ ಹೊಟ್ಟೆಯಲ್ಲಿ 168, ಊಟವಾಗಿ ಎರಡು ಗಂಟೆಗೆ 262. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ 8.4. ಖಾಲಿ ಹೊಟ್ಟೆಯಲ್ಲಿ 126, ಎಚ್‌ಬಿಎ1ಸಿ 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ. ಇವರು ಎರಡನ್ನೂ ಸಲೀಸಾಗಿ ದಾಟಿದ್ದರು. ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲ. ರಾತ್ರಿ ಎರಡು ಸಲ ಮೂತ್ರಕ್ಕೆ ಏಳುತ್ತಿದ್ದರು, ಅದನ್ನು ವಯಸ್ಸಿನ ಖಾತೆಗೆ ಹಾಕಿದ್ದರು. ಅಪ್ಪನಿಗೆ ಈ ಕಾಯಿಲೆ ಇತ್ತು, ಕಾಲಿನ ಹುಣ್ಣು ಮಾಯದೆ ಒಂದು ಬೆರಳು ತೆಗೆಸಿದ್ದರು. ಮಾಲೀಕರ ಹೆದರಿಕೆ ಪೂರಾ ಅಲ್ಲಿಂದ ಬಂದಿದ್ದು.

ಡಾಕ್ಟರ್ ಇನ್ನೊಂದಷ್ಟು ಪರೀಕ್ಷೆ ಬರೆದರು. ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 270, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 34, ಲಿವರ್ ಕಿಣ್ವ ಸ್ವಲ್ಪ ಜಾಸ್ತಿ, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್. ಕಣ್ಣಿನ ಪರದೆ, ಮೂತ್ರದಲ್ಲಿ ಪ್ರೋಟೀನ್, ಪಾದದ ಸ್ಪರ್ಶ ಎಲ್ಲ ಸರಿ ಇತ್ತು. ಇನ್ಸುಲಿನ್ ತೀರಾ ಸಾಲದಾದಾಗ ಕಾಣುವ ಕೀಟೋನ್ ಮೂತ್ರದಲ್ಲಿ ಇರಲಿಲ್ಲ, ತೂಕ ತಾನಾಗಿ ಇಳಿದಿರಲಿಲ್ಲ. ಇದನ್ನು ನೋಡಲೇಬೇಕು. ತೆಳ್ಳಗಿರುವವರಿಗೆ, ಕಾರಣವಿಲ್ಲದೆ ಸೊರಗುತ್ತಿರುವವರಿಗೆ ಬಂದಿರುವುದು ಬೇರೆ ಬಗೆಯ ಸಕ್ಕರೆ ಕಾಯಿಲೆ ಇರಬಹುದು. ಅವರಿಗೆ 'ಊಟ ಕಡಿಮೆ ಮಾಡಿ' ಅನ್ನುವುದು ಅಪಾಯ. ಹಿಮೋಗ್ಲೋಬಿನ್ ಕೂಡ ಸರಿ ಇತ್ತು. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ದಾರಿ ತಪ್ಪಿಸುತ್ತದೆ. ಇವರದ್ದು ಟೈಪ್ 2, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಬಗೆ ಅಂತ ಖಚಿತವಾಯಿತು. ಡಾಕ್ಟರ್ ಬರೆದದ್ದು ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ, 500 ಮಿ.ಗ್ರಾಂ.ನದು, ದಿನಕ್ಕೆ ಎರಡು.

ಎತ್ತರ 168 ಸೆಂಟಿಮೀಟರ್, ತೂಕ 81.4 ಕೆ.ಜಿ., ಸೊಂಟದ ಸುತ್ತಳತೆ 103. "ನಾನೇನು ಅಂಥಾ ದಪ್ಪ ಇಲ್ಲಲ್ರೀ ಮೇಡಂ" ಅಂದರು. ನೋಡಿದರೆ ಹಾಗೇ ಅನ್ನಿಸುತ್ತದೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ನಮ್ಮ ಕಡೆ ಇದನ್ನು ದಪ್ಪ ಅನ್ನುವುದಿಲ್ಲ, 'ಅನುಕೂಲಸ್ಥರ ಮೈ' ಅನ್ನುತ್ತಾರೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಲೆಕ್ಕದಲ್ಲಿ ಇವರದ್ದು 28.8. ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ಗಂಡಸರ ಸೊಂಟ 90ರ ಒಳಗಿರಬೇಕು. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿ ಈ ವಿಷಯ ತೋರಿಸಿದ್ದರು. ಇಬ್ಬರ ಬಿಎಂಐ 22.3. ಬ್ರಿಟನ್ನಿನವರ ಮೈಯಲ್ಲಿ ಕೊಬ್ಬು ಶೇ 9.1, ಪುಣೆಯವರಲ್ಲಿ ಶೇ 21.2. ಅದನ್ನು ಮಾಲೀಕರಿಗೆ ಹೇಳಿದೆ. 'ದಪ್ಪ ಇಲ್ಲ' ಅನ್ನುವ ಮಾತು ಆಮೇಲೆ ಬರಲಿಲ್ಲ.

ಮೊದಲ ಮೂರು ವಾರ

ನನ್ನ ಹತ್ತಿರ ಬರುವ ಹೊತ್ತಿಗೆ ಅವರು ಮನೆಯಲ್ಲೇ ಪಥ್ಯ ಶುರು ಮಾಡಿ ಮೂರು ವಾರ ಆಗಿತ್ತು. ಅನ್ನ ಪೂರ್ತಿ ಬಂದ್. ಎರಡು ಹೊತ್ತೂ ರಾಗಿ ಮುದ್ದೆ. ಟೀಗೆ ಸಕ್ಕರೆ ಬದಲು ಬೆಲ್ಲ. ಬೆಳಗ್ಗೆ ಎದ್ದ ಕೂಡಲೇ ಹಾಗಲಕಾಯಿ ರಸ. ಹಣ್ಣು ಬಂದ್, ಆದರೆ ಸಂಜೆ ಅಂಗಡಿಗೆ ಬರುವ ಖಾರ ಮಂಡಕ್ಕಿ, ಮಿರ್ಚಿ ಬಂದ್ ಆಗಿರಲಿಲ್ಲ. ಅದು 'ಸಿಹಿ ಅಲ್ಲವಲ್ಲ'. ತೂಕ ಒಂದು ಗ್ರಾಂ ಇಳಿದಿರಲಿಲ್ಲ. ಮಾತ್ರೆ ನುಂಗುತ್ತಿದ್ದರೂ ಬೆಳಗಿನ ಶುಗರ್ 150ರ ಮೇಲೇ ಇತ್ತು.

ಈ ಪ್ರಕರಣ ಬರೆಯಬೇಕು ಅನ್ನಿಸಿದ್ದೇ ಇದಕ್ಕೆ. ಕರ್ನಾಟಕದಲ್ಲಿ ಶುಗರ್ ಬಂದ ಮನೆಯಲ್ಲಿ ಮೊದಲು ನಡೆಯುವುದು ಧಾನ್ಯ ಬದಲಿಸುವ ಕೆಲಸ. ಅಕ್ಕಿ ಕೆಟ್ಟದ್ದು, ರಾಗಿ ಒಳ್ಳೆಯದು, ನವಣೆ ಇನ್ನೂ ಒಳ್ಳೆಯದು. ಎಷ್ಟು ತಿನ್ನುತ್ತೇವೆ ಅನ್ನುವ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. 'ಒಳ್ಳೆಯದು' ಅನ್ನುವ ಹೆಸರು ಬಂದ ಮೇಲೆ ತಟ್ಟೆಯಲ್ಲಿ ಅದರ ಗಾತ್ರ ದೊಡ್ಡದೇ ಆಗುತ್ತದೆ.

ಅವರ ಅಂಗಡಿಯಲ್ಲಿ ಮೊಳೆ ತೂಗುವ ಎಲೆಕ್ಟ್ರಾನಿಕ್ ತೂಕದ ಮಿಷನ್ ಇದೆ. ಮಧ್ಯಾಹ್ನದ ಬುತ್ತಿ ಅಂಗಡಿಗೇ ಬರುತ್ತದೆ. ಒಂದು ದಿನ ಮುದ್ದೆಯನ್ನು ಅದರ ಮೇಲಿಟ್ಟು ನೋಡಿ ಅಂದೆ. 420 ಗ್ರಾಂ ಬಂತು. ಅಷ್ಟು ಮುದ್ದೆಗೆ ಮನೆಯಲ್ಲಿ ಎಷ್ಟು ಹಿಟ್ಟು ಹಾಕುತ್ತಾರೆ ಅಂತ ಅವರ ಹೆಂಡತಿ ಅಳೆದು ಹೇಳಿದರು: ಸುಮಾರು 140 ಗ್ರಾಂ. ರಾಗಿಯಲ್ಲಿ 100 ಗ್ರಾಂಗೆ ಕಾರ್ಬೋಹೈಡ್ರೇಟ್ (ಹೊಟ್ಟೆಗೆ ಹೋದ ಮೇಲೆ ಸಕ್ಕರೆಯಾಗುವ ಭಾಗ) ಹತ್ತಿರ ಹತ್ತಿರ 70 ಗ್ರಾಂ. ಅಕ್ಕಿಯಲ್ಲಿ 78ರ ಆಸುಪಾಸು. ಅಂದರೆ ಒಂದು ಮುದ್ದೆಯಲ್ಲಿ 95 ಗ್ರಾಂಗೂ ಮೇಲೆ. ಅದರ ಬದಲು 125 ಗ್ರಾಂ ಅಕ್ಕಿಯ ಅನ್ನ ಉಂಡಿದ್ದರೂ ಅಷ್ಟೇ ಆಗುತ್ತಿತ್ತು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ನಾರು ಇದೆ, ಒಪ್ಪಿದೆ. ಆದರೆ ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗುವ ಮುದ್ದೆ ಹೊಟ್ಟೆಯಲ್ಲಿ ನಿಧಾನ ಮಾಡುತ್ತದೆ ಅಂತ ಭರವಸೆ ಇಡಬೇಡಿ.

ಮಾತಿಗಿಂತ ಮೀಟರ್ ಬೇಗ ಒಪ್ಪಿಸುತ್ತದೆ. ಗ್ಲುಕೋಮೀಟರ್ ಅವರ ಹತ್ತಿರ ಇತ್ತು, ಬೆಳಗ್ಗೆ ಮಾತ್ರ ನೋಡುತ್ತಿದ್ದರು. ಊಟಕ್ಕೆ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು ಸಲ ನೋಡಿ ಅಂದೆ. ಸ್ಟ್ರಿಪ್ ದುಬಾರಿ, ಹಾಗಾಗಿ ಒಂದೇ ವಾರ, ದಿನಕ್ಕೊಂದು ಊಟ. ಇಡೀ ಮುದ್ದೆ ಉಂಡ ದಿನ 138ರಿಂದ 231ಕ್ಕೆ ಹೋಯಿತು. ನಾಲ್ಕು ಇಡ್ಲಿಗೆ 214. ಅರ್ಧಕ್ಕಿಂತ ಸಣ್ಣ ಮುದ್ದೆ, ದೊಡ್ಡ ಬಟ್ಟಲು ಗಟ್ಟಿ ಸೊಪ್ಪಿನ ಸಾರು, ಮೊದಲೊಂದಿಷ್ಟು ಹಸಿ ಸೌತೆಕಾಯಿ, ಆಮೇಲೆ ಹತ್ತು ಹದಿನೈದು ನಿಮಿಷ ಓಡಾಟ. ಆ ದಿನ 164. ಧಾನ್ಯ ಅದೇ, ಮನುಷ್ಯ ಅವರೇ.

ಬೆಲ್ಲದ ಟೀ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಲ್ಲವೂ ಸಕ್ಕರೆಯೇ. ಅಂಗಡಿಯಲ್ಲಿ ಕೂತವರಿಗೆ ಗಿರಾಕಿ ಬಂದಾಗಲೆಲ್ಲ ಟೀ. ದಿನಕ್ಕೆ ಏಳಾಗುತ್ತಿತ್ತು. ಪ್ರತಿಯೊಂದರಲ್ಲೂ ಎಂಟು ಗ್ರಾಂ ಸಿಹಿ ಅಂದುಕೊಂಡರೆ 220 ಕ್ಯಾಲೊರಿ ಬರೀ ಸಕ್ಕರೆಯದು. ಈಗ ಮೂರು ಟೀ, ಸಿಹಿ ಇಲ್ಲದೆ. ಮೊದಲ ವಾರ ಕಷಾಯ ಕುಡಿದಂಗಾಗುತ್ತದೆ ಅಂದರು. ಆಮೇಲೆ ಸುದ್ದಿಯಿಲ್ಲ.

ತೂಕ ಇಳಿದರೆ ಶುಗರ್ ಯಾಕೆ ಇಳಿಯುತ್ತದೆ

ಬ್ರಿಟನ್ನಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಎಂಬ ಪ್ರೊಫೆಸರ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಚರ್ಮದ ಕೆಳಗೆ ಕೊಬ್ಬು ತುಂಬಿಡುವ ಜಾಗ ಒಬ್ಬೊಬ್ಬರಿಗೆ ಒಂದೊಂದು ಅಳತೆ. ಅದು ತುಂಬಿದ ಮೇಲೆ ಕೊಬ್ಬು ಲಿವರ್‌ಗೆ ಹೋಗುತ್ತದೆ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಕೇಳುವುದಿಲ್ಲ, ರಾತ್ರಿಯಿಡೀ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಏನೂ ತಿನ್ನದೆ ಮಲಗಿದರೂ ಬೆಳಗ್ಗೆ 160 ಬರುವುದು ಇದಕ್ಕೇ. ಲಿವರ್‌ನಿಂದ ಹೊರಟ ಕೊಬ್ಬು ಪ್ಯಾಂಕ್ರಿಯಾಸ್‌ಗೂ (ಮೇದೋಜೀರಕ ಗ್ರಂಥಿ) ಸೇರಿ, ಇನ್ಸುಲಿನ್ ತಯಾರಿಸುವ ಕಣಗಳನ್ನು ಮಂಕು ಮಾಡುತ್ತದೆ. ಕಾಯಿಲೆ ಹೊಸದಾಗಿದ್ದರೆ ಆ ಕಣಗಳು ಸತ್ತಿರುವುದಿಲ್ಲ. ಕೊಬ್ಬು ಕರಗಿದರೆ ಎದ್ದು ಕೂರುತ್ತವೆ. ಹತ್ತು ಹದಿನೈದು ವರ್ಷ ಆದವರಲ್ಲಿ ಹೀಗಾಗುವುದು ಕಷ್ಟ.

ಟೇಲರ್ ಮತ್ತು ಗ್ಲಾಸ್ಗೋದ ಮೈಕ್ ಲೀನ್ ಸೇರಿ ನಡೆಸಿದ 'ಡೈರೆಕ್ಟ್' ಅಧ್ಯಯನದ ಫಲಿತಾಂಶ 2017ರ ಡಿಸೆಂಬರ್‌ನಲ್ಲಿ ಬಂತು. ಕಾಯಿಲೆ ಬಂದು ಆರು ವರ್ಷದೊಳಗಿನವರು. ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿಯಷ್ಟು ಸೂಪು, ಶೇಕ್ ಮಾತ್ರ. ಒಂದು ವರ್ಷದ ಕೊನೆಗೆ ಮಾತ್ರೆಯಿಲ್ಲದೆ ಶುಗರ್ ಹತೋಟಿಗೆ ಬಂದವರು ಶೇ 46. ಅದರಲ್ಲೂ 15 ಕೆ.ಜಿ. ಅಥವಾ ಇನ್ನೂ ಹೆಚ್ಚು ಇಳಿಸಿದವರಲ್ಲಿ ಶೇ 86. ಐದು ಕೆ.ಜಿ. ಒಳಗೆ ನಿಂತವರಲ್ಲಿ ಶೇ 7. ಎರಡನೇ ವರ್ಷಕ್ಕೆ 46 ಇದ್ದದ್ದು 36ಕ್ಕೆ ಬಂತು.

ಅಲ್ಲಿನವರು ನೂರು ಕೆ.ಜಿ. ಆಸುಪಾಸಿನವರು, ನಮ್ಮವರಿಗೆ ಇದು ಹೊಂದುತ್ತದೆಯೇ ಅಂತ ಕೇಳಬಹುದು. ಅದೇ ತಂಡ ದಪ್ಪ ಇಲ್ಲದ, ಬಿಎಂಐ 27ರೊಳಗಿನ 20 ಜನರಲ್ಲೂ ಮಾಡಿ ನೋಡಿತು. 14 ಜನರಿಗೆ ಫಲ ಸಿಕ್ಕಿತು. ತೂಕ ಅವರವರ ಮಿತಿಗಿಂತ ಕೆಳಗೆ ಬಂದರೆ ಸಾಕು.

ಸೂಪು, ಶೇಕ್ ದಾರಿ ಇವರಿಗೆ ಬೇಡ ಅಂದೆವು. ಡಾಕ್ಟರೂ ಒಪ್ಪಿದರು. ಪಾಕೀಟು ದುಬಾರಿ, ಆಮೇಲೆ ಮನೆ ಊಟಕ್ಕೆ ಮರಳುವಾಗ ಮುದ್ದೆಯ ಗಾತ್ರ ಹಳೆಯದೇ ಆಗಿರುತ್ತದೆ. ಅದಕ್ಕಿಂತ ಇದೇ ಊಟವನ್ನು ಸಣ್ಣ ಮಾಡುವುದು ಒಳ್ಳೆಯದು ಅನ್ನುವುದು ನನ್ನ ನಂಬಿಕೆ. ಗುರಿ 12 ಕೆ.ಜಿ., ಅಂದರೆ ಅವರ ತೂಕದ ಶೇ 15. ಮೊದಲು ದಿನಕ್ಕೆ 2,500 ಕ್ಯಾಲೊರಿ ದಾಟುತ್ತಿದ್ದುದನ್ನು 1,400–1,500ಕ್ಕೆ ತಂದೆವು.

ತಟ್ಟೆಯಲ್ಲಿ ಏನಿತ್ತು

ದಾವಣಗೆರೆಯವರಿಗೆ ರೊಟ್ಟಿಯೂ ಬೇಕು, ಮುದ್ದೆಯೂ ಬೇಕು, ಕೊನೆಗೆ ಅನ್ನವಿಲ್ಲದೆ ಊಟ ಮುಗಿದಂತಾಗುವುದಿಲ್ಲ. ಯಾವುದನ್ನೂ ತೆಗೆಯಲಿಲ್ಲ. ಮಧ್ಯಾಹ್ನ ಒಂದು ಜೋಳದ ರೊಟ್ಟಿ, ದೊಡ್ಡ ಬಟ್ಟಲು ಕಾಳು ಪಲ್ಯ, ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ ಹಸಿಯಾಗಿ, ಮಜ್ಜಿಗೆ, ಕೊನೆಗೆ ಒಂದು ಸಣ್ಣ ಬಟ್ಟಲು ಅನ್ನ. ರಾತ್ರಿ ಎಂಟರೊಳಗೆ 50 ಗ್ರಾಂ ಹಿಟ್ಟಿನ ಮುದ್ದೆ, ಬೇಳೆ ಜಾಸ್ತಿ ಹಾಕಿದ ಸೊಪ್ಪಿನ ಸಾರು, ಮೊಸರು. ಬೆಳಗ್ಗೆ ಎರಡು ಹೆಸರುಕಾಳಿನ ದೋಸೆ, ಇಲ್ಲವೇ ತರಕಾರಿ ಜಾಸ್ತಿ ಇರುವ ಒಂದು ಬಟ್ಟಲು ಉಪ್ಪಿಟ್ಟು. ಸಂಜೆ ಹುರಿಗಡಲೆ, ಒಂದು ಸೀಬೆಕಾಯಿ. ಬೆಣ್ಣೆ ದೋಸೆ ತಿಂಗಳಿಗೊಂದು. ಊರು ಬಿಟ್ಟು ಹೋಗಿ ಅಂದಂಗಾಗುತ್ತದೆ, ಪೂರ್ತಿ ನಿಲ್ಲಿಸಲು ನನಗೇ ಮನಸ್ಸಾಗಲಿಲ್ಲ.

ಕಷ್ಟ ಇದ್ದದ್ದು ಪ್ರೋಟೀನ್‌ನಲ್ಲಿ. ತೂಕ ಇಳಿಸುವಾಗ ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಊಟದ ಸಕ್ಕರೆಯನ್ನು ಹೀರಿಕೊಳ್ಳುವುದು ಅದೇ ಮಾಂಸಖಂಡ. ದೇಶದಲ್ಲಿ ಸಕ್ಕರೆ ಕಾಯಿಲೆಯ ಸಮೀಕ್ಷೆ ನಡೆಸಿದ ಐಸಿಎಂಆರ್-ಇಂಡಿಯಾಬ್ ತಂಡ 18,090 ಭಾರತೀಯರ ಊಟದ ಮಾಹಿತಿ ಇಟ್ಟುಕೊಂಡು 2022ರಲ್ಲಿ ಒಂದು ಲೆಕ್ಕ ಕೊಟ್ಟಿತು. ಹೊಸದಾಗಿ ಕಾಯಿಲೆ ಬಂದವರು ಕಾರ್ಬೋಹೈಡ್ರೇಟನ್ನು ದಿನದ ಕ್ಯಾಲೊರಿಯ ಶೇ 50ರ ಆಸುಪಾಸಿಗೆ ಇಳಿಸಿ, ಪ್ರೋಟೀನನ್ನು ಶೇ 20ರ ಹತ್ತಿರ ತರಬೇಕು ಅಂತ. ಇವರ ಕ್ಯಾಲೊರಿಗೆ ಅದು ದಿನಕ್ಕೆ 70 ಗ್ರಾಂ. ಸಸ್ಯಾಹಾರದ ಮನೆ. ತೆಳು ತಿಳಿಸಾರಿನಲ್ಲಿ ಪ್ರೋಟೀನ್ ಎಲ್ಲಿಂದ ಬರಬೇಕು? ಕಾಳು, ಬೇಳೆ, ಮೊಸರು, ಪನೀರ್ ಎಲ್ಲ ಸೇರಿಸಿದರೂ 60 ದಾಟುವುದಕ್ಕೆ ಒದ್ದಾಡಿದೆವು. ಆಮೇಲೆ ಮಾಲೀಕರೇ ದನಿ ತಗ್ಗಿಸಿ ಹೇಳಿದರು: "ಮೊಟ್ಟೆ ತಿಂತೀನ್ರೀ. ಮನ್ಯಾಗ ಬ್ಯಾಡ, ಅವ್ವಗ ಗೊತ್ತಾಗಬಾರ್ದು." ಅಂಗಡಿಯಲ್ಲೇ ದಿನಕ್ಕೆರಡು ಬೇಯಿಸಿದ ಮೊಟ್ಟೆ. ಲೆಕ್ಕ ಸರಿಹೋಯಿತು. ಇದನ್ನು ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಅವ್ವನಿಗೆ ಈಗ ಗೊತ್ತಾಗಿದೆ.

ಎಣ್ಣೆಯ ಕಡೆ ಗಮನ ಹೋಗಿದ್ದು ಅವರ ಹೆಂಡತಿಯಿಂದ. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಕ್ಯಾನ್ ಖಾಲಿ ಆಗುತ್ತದೆ ಅಂದರು. ತಲೆಗೆ ದಿನಕ್ಕೆ 40 ಮಿಲಿ ಮೇಲಾಯಿತು. ಅಳತೆ ಚಮಚ ಇಟ್ಟುಕೊಂಡು ಅದನ್ನು ಮೂರು ಲೀಟರಿಗೆ ತಂದರು. ಒಬ್ಬೊಬ್ಬರಿಗೂ ದಿನಕ್ಕೆ ನೂರಕ್ಕೂ ಹೆಚ್ಚು ಕ್ಯಾಲೊರಿ ಕಡಿಮೆ, ರುಚಿಯಲ್ಲಿ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಈ ಪ್ರಕರಣದಲ್ಲಿ ಅರ್ಧ ಕೆಲಸ ಅವರದ್ದು. ಗಂಡನಿಗೆ ಬೇರೆ ಅಡುಗೆ ಮಾಡುವುದಿಲ್ಲ, ಎಲ್ಲರಿಗೂ ಒಂದೇ ಅಂತ ಮೊದಲ ದಿನವೇ ಹೇಳಿಬಿಟ್ಟರು. ಬಡಿಸುವುದನ್ನೂ ನಿಲ್ಲಿಸಿದರು. ಅವರವರೇ ಹಾಕಿಕೊಳ್ಳಬೇಕು. 'ಇನ್ನೊಂಚೂರು ಹಾಕ್ಸಿಕೋ' ಎಂಬ ಅವ್ವನ ಮಾತಿಗೆ ಅಲ್ಲಿ ಜಾಗ ಇಲ್ಲದಂತಾಯಿತು.

ಅವ್ವನ ಅಣ್ಣ ಹರಿಹರದಿಂದ ಅಮೃತಬಳ್ಳಿ ರಸ ಕಳಿಸಿದ್ದರು. ಅದಕ್ಕೆ ನಾನು ಗಟ್ಟಿಯಾಗಿ ಬೇಡ ಅಂದೆ. ಲಿವರ್ ಕಿಣ್ವ ಮೊದಲೇ ಜಾಸ್ತಿ ಇದೆ, ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಹಾಗಲಕಾಯಿ ಪಲ್ಯಕ್ಕೆ ಅಡ್ಡಿಯಿಲ್ಲ. ಬೆಳಗಿನ ರಸ ಅವರಿಗೇ ಸಾಕಾಗಿತ್ತು.

ನಡಿಗೆ ದೊಡ್ಡದೇನೂ ಅಲ್ಲ. ಮೂರು ಊಟದ ನಂತರ ಹದಿನೈದು ನಿಮಿಷ. ಮಧ್ಯಾಹ್ನ ಅಂಗಡಿ ಬಿಟ್ಟು ಹೋಗಲಾಗದೆ ಗೋಡೌನ್ ಒಳಗೇ ಓಡಾಡುತ್ತಿದ್ದರು. ಹುಡುಗರು ಎತ್ತುತ್ತಿದ್ದ ಪೇಂಟ್ ಡಬ್ಬಿಗಳನ್ನು ತಾವೂ ಎತ್ತಿಡಲು ಶುರು ಮಾಡಿದರು. ಜಿಮ್ಮಿಗೆ ಹೋಗಿ ಅಂತ ನಾನು ಹೇಳಲಿಲ್ಲ.

ಅಂಕಿಗಳು

ಬೆಳಗಿನ ಶುಗರ್ ಎರಡನೇ ವಾರಕ್ಕೇ 130ರ ಕೆಳಗೆ ಬಂತು. ತೂಕ ಆಗ ಎರಡು ಕೆ.ಜಿ. ಇಳಿದಿತ್ತು ಅಷ್ಟೇ. ಮೊದಲು ಕರಗುವುದು ಲಿವರ್‌ನ ಕೊಬ್ಬು, ಹಾಗಾಗಿ ಹೀಗಾಗುತ್ತದೆ. ಮೂರನೇ ತಿಂಗಳಿಗೆ 74.1 ಕೆ.ಜಿ., ಎಚ್‌ಬಿಎ1ಸಿ 6.7. ಆಮೇಲೆ ಐದು ವಾರ ತೂಕ ಅಲುಗಲಿಲ್ಲ. ಮೈ ಸಣ್ಣದಾದರೆ ಅದಕ್ಕೆ ಬೇಕಾದ ಕ್ಯಾಲೊರಿಯೂ ಕಡಿಮೆಯಾಗುತ್ತದೆ. ಜೊತೆಗೆ ಮೊದಲಿನ ಹೆದರಿಕೆ ಹೋಗಿ ಹುರಿಗಡಲೆಯ ಮುಷ್ಟಿ ದೊಡ್ಡದಾಗಿತ್ತು, ಶೇಂಗಾ ಚಟ್ನಿಪುಡಿ ಮೇಲೆ ಎಣ್ಣೆ ಮತ್ತೆ ಬಂದಿತ್ತು. ಮತ್ತೊಂದು ವಾರ ಎಲ್ಲವನ್ನೂ ತೂಗಿದರು. ತೂಕ ಮತ್ತೆ ಇಳಿಯತೊಡಗಿತು. ಆರನೇ ತಿಂಗಳಿಗೆ 69.2 ಕೆ.ಜಿ., ಸೊಂಟ 91, ಎಚ್‌ಬಿಎ1ಸಿ 5.8. ಟ್ರೈಗ್ಲಿಸರೈಡ್ 138. ಲಿವರ್ ಕಿಣ್ವ ಸರಿಯಾಗಿತ್ತು.

ಆ ರಿಪೋರ್ಟ್ ನೋಡಿ ಡಾಕ್ಟರ್ ಮೆಟ್‌ಫಾರ್ಮಿನ್ ನಿಲ್ಲಿಸಿದರು. ನಿಲ್ಲಿಸಿದ್ದು ಡಾಕ್ಟರ್ ಅನ್ನುವುದನ್ನು ಗಮನಿಸಿ. ಇವರಿಗೆ ಇದ್ದದ್ದು ಮೆಟ್‌ಫಾರ್ಮಿನ್ ಒಂದೇ, ಅದರಿಂದ ಶುಗರ್ ಕುಸಿದು ಬೀಳುವ ಭಯ ಬಹಳ ಕಡಿಮೆ. ಇನ್ಸುಲಿನ್ ಹೆಚ್ಚಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಡಾಕ್ಟರಿಗೆ ಹೇಳದೆ ಇದೇ ಊಟ ಶುರು ಮಾಡಿದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅವರಿಗೆ ಮೊದಲ ದಿನದಿಂದಲೇ ಔಷಧಿಯ ಪ್ರಮಾಣ ಬದಲಿಸಬೇಕಾಗಬಹುದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್ ಥರದ ಮಾತ್ರೆ ಇದ್ದು ಕಾರ್ಬೋಹೈಡ್ರೇಟ್ ತೀರಾ ಕಡಿಮೆ ಮಾಡುವುದೂ ಅಪಾಯವೇ. ಬಸುರಿಯರು, ಕಿಡ್ನಿ ತೊಂದರೆ ಇರುವವರು ಈ ತಟ್ಟೆಯನ್ನು ನಕಲು ಮಾಡಬಾರದು.

ಮಾತ್ರೆ ಬಿಟ್ಟು ಮೂರು ತಿಂಗಳಿಗೆ ಎಚ್‌ಬಿಎ1ಸಿ 5.9 ಬಂತು. ಮಾತ್ರೆಯಿಲ್ಲದೆ ಕನಿಷ್ಠ ಮೂರು ತಿಂಗಳು 6.5ರ ಕೆಳಗಿದ್ದರೆ ಅದನ್ನು ರೆಮಿಶನ್ (ಕಾಯಿಲೆ ತಣ್ಣಗಾಗಿರುವ ಸ್ಥಿತಿ) ಅನ್ನಬಹುದು ಅಂತ 2021ರಲ್ಲಿ ತಜ್ಞರು ಒಪ್ಪಂದಕ್ಕೆ ಬಂದಿದ್ದಾರೆ. ಮಾಲೀಕರು ಅದನ್ನು ಗಿರಾಕಿಗಳಿಗೆಲ್ಲ 'ಶುಗರ್ ಹೋಯ್ತು' ಅಂತ ಹೇಳಿಕೊಂಡು ಬಂದರು. ನನಗೆ ಅದು ಇಷ್ಟವಾಗಲಿಲ್ಲ, ಹೇಳಿಯೂ ಹೇಳಿದೆ. ತೂಕ ವಾಪಸ್ ಬಂದರೆ ಶುಗರೂ ವಾಪಸ್ ಬರುತ್ತದೆ. ಕಣ್ಣು, ಕಿಡ್ನಿ, ಪಾದದ ಪರೀಕ್ಷೆ ವರ್ಷಕ್ಕೊಂದು ಸಲ ಮೊದಲಿನಂತೆಯೇ ನಡೆಯಬೇಕು.

ಮಾರ್ಚ್‌ನಿಂದ ಮದುವೆಗಳು ಶುರುವಾದವು. ಬೇಸಿಗೆಯಲ್ಲಿ ವಾರಕ್ಕೆರಡು ಮದುವೆ ಊಟ. ಅಂಗಡಿ ಮಾಡಿಕೊಂಡವರು ಒಂದಕ್ಕೂ ತಪ್ಪಿಸಿಕೊಳ್ಳುವಂತಿಲ್ಲ. ಒಂದು ಹೋಳಿಗೆ, ತುಪ್ಪ ಒಂದು ಚಮಚ, ಅನ್ನ ಒಂದೇ ಸಲ ಅಂತ ನಿಯಮ ಮಾಡಿಕೊಂಡಿದ್ದರು. ಒಂದು ಕಡೆ ಪಾಲಿಸಿದರೆ ಇನ್ನೊಂದು ಕಡೆ ಬೀಗರು ಬಿಡಲಿಲ್ಲ. ಹನ್ನೆರಡನೇ ತಿಂಗಳ ರಿಪೋರ್ಟ್: ತೂಕ 71.6, ಎಚ್‌ಬಿಎ1ಸಿ 6.3. ಇನ್ನೂ ಗೆರೆಯ ಒಳಗೇ ಇದೆ, ಆದರೆ ಏರುತ್ತಿದೆ.

ಮಾತ್ರೆ ಈಗಲೇ ಮತ್ತೆ ಶುರು ಮಾಡಬಹುದು, ಅದು ಸೋಲಲ್ಲ ಅಂತ ಡಾಕ್ಟರ್ ಹೇಳಿದರು. ಮಾಲೀಕರು ಮೂರು ತಿಂಗಳು ಕೇಳಿದ್ದಾರೆ. ಎಂಟು ವಾರ ಮೊದಲಿನ 1,400ರ ಲೆಕ್ಕಕ್ಕೆ ಹೋಗುವುದು, ವಾರಕ್ಕೊಮ್ಮೆ ತೂಕ ಬರೆದು ನನಗೆ ಕಳಿಸುವುದು, ತೂಕ ಇಳಿದ ಮೇಲೆ ಮತ್ತೆ 70 ಕೆ.ಜಿ. ದಾಟಿದ ದಿನವೇ ಹಿಟ್ಟು ತೂಗುವುದು ಅಂತ ಮಾತಾಗಿದೆ. ಮುಂದಿನ ಪರೀಕ್ಷೆಯಲ್ಲಿ 6.5 ಮುಟ್ಟಿದರೆ ಮೆಟ್‌ಫಾರ್ಮಿನ್ ಮತ್ತೆ ಶುರು, ಅದಕ್ಕೂ ಒಪ್ಪಿದ್ದಾರೆ. ಅವರ ತಮ್ಮನಿಗೆ 41. ಅದೇ ಮೈಕಟ್ಟು, ಅದೇ ಅಪ್ಪನ ಮಗ. ಪರೀಕ್ಷೆ ಮಾಡಿಸಿ ಅಂತ ಇಡೀ ಮನೆ ಹೇಳುತ್ತಿದೆ, ಇನ್ನೂ ಲ್ಯಾಬಿಗೆ ಹೋಗಿಲ್ಲ.